ಕಾಫಿ ಬೊಡ್ಡೆಯಿಂದ ಬೇರುಶಿಲ್ಪ: ಅಗೆಯುವುದರಿಂದ ಮೇಣ ಹಚ್ಚುವವರೆಗೆ

ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಹಳೆಯ ಕಾಫಿ ಗಿಡ ಕಿತ್ತು ಹೊಸದು ನೆಡುವಾಗ ಬೊಡ್ಡೆಗಳು ರಾಶಿ ಬೀಳುತ್ತವೆ. ಬಹುಪಾಲು ಒಲೆಗೆ ಹೋಗುತ್ತದೆ. ಆ ರಾಶಿಯಲ್ಲೇ ರೆಕ್ಕೆ ಬಿಚ್ಚಿದ ಹಕ್ಕಿ, ಬಾಗಿ ಕುಳಿತ ಮುದುಕ, ಹೆಣೆದುಕೊಂಡ ಎರಡು ಹಾವು ಇರುತ್ತವೆ. ನೋಡುವ ಕಣ್ಣೂ ಒಣಗಿಸುವ ತಾಳ್ಮೆಯೂ ಇದ್ದರೆ ಉಳಿಯ ಕೆಲಸ ಬಹಳ ಉಳಿಯುವುದಿಲ್ಲ.

ಸಾಗರ, ಸೊರಬ, ಶಿರಸಿಯ ಗುಡಿಗಾರರ ಗಂಧದ ಕೆತ್ತನೆ ತಲೆಮಾರುಗಳ ವಿದ್ಯೆ. ಮೂರ್ತಿ ಕೆತ್ತುವವರಿಗೆ ತಾಳಮಾನದ ಲೆಕ್ಕ ಬೇಕು, ಗುರು ಬೇಕು. ಬೇರುಶಿಲ್ಪಕ್ಕೆ ಅಂಥ ಅಳತೆಯಿಲ್ಲ, ಅಳತೆಯನ್ನು ಮರವೇ ಹಾಕಿಟ್ಟಿರುತ್ತದೆ. ಹಾಗಾಗಿ ಯಾರ ಬಳಿಯೂ ಕಲಿಯದವರು ಧೈರ್ಯವಾಗಿ ಕೈಹಾಕಬಹುದಾದ ಶಿಲ್ಪ ಇದು. ಚೀನಾದ ಬೇರುಶಿಲ್ಪಿಗಳಲ್ಲಿ ಏಳು ಪಾಲು ಪ್ರಕೃತಿಯದು, ಮೂರು ಪಾಲು ಮನುಷ್ಯನದು ಎಂಬ ಮಾತಿದೆ. ಬಂಗಾಳದಲ್ಲಿ ಚಿತ್ರಕಾರ ಅವನೀಂದ್ರನಾಥ ಠಾಕೂರರು ತಮ್ಮ ಕೊನೆಯ ವರ್ಷಗಳಲ್ಲಿ ಬಿದ್ದ ಕಡ್ಡಿ, ಬೇರು, ತೊಗಟೆಗಳನ್ನು ಆಯ್ದು ಸಣ್ಣ ಸಣ್ಣ ಆಕೃತಿಗಳನ್ನು ಮಾಡಿ ‘ಕಾಟುಮ್ ಕುಟುಮ್’ ಎಂದು ಕರೆದರು. ಎರಡೂ ಕಡೆ ನಂಬಿಕೆ ಒಂದೇ: ಮರದಲ್ಲಿ ಆಗಲೇ ಇರುವುದನ್ನು ಕಂಡುಹಿಡಿಯಬೇಕು, ಇಲ್ಲದ್ದನ್ನು ಬಲವಂತವಾಗಿ ತರಬಾರದು.

ಇಲ್ಲಿ ಹೇಳುತ್ತಿರುವುದು ಸುಮಾರು 2 ಅಡಿ ಎತ್ತರದ, ಹಸಿಯಲ್ಲಿ 8ರಿಂದ 12 ಕೆಜಿ ತೂಗುವ ಒಂದು ಕಾಫಿ ಬೊಡ್ಡೆಯ ಲೆಕ್ಕ. ಹಲಸು, ಸೀಬೆ, ಹುಣಸೆ, ನೇರಳೆ ಬೇರುಗಳಿಗೂ ಕ್ರಮ ಇದೇ, ಒಣಗುವ ಅವಧಿ ಮಾತ್ರ ಬೇರೆ.

ಯಾವ ಬೊಡ್ಡೆ ತರಬೇಕು, ಯಾವುದನ್ನು ಮುಟ್ಟಬಾರದು

ಹಳೆಯ ರೊಬಸ್ಟಾ ಗಿಡದ ಬೊಡ್ಡೆ ಮೊದಲ ಆಯ್ಕೆ. ಕಾಂಡ ದಪ್ಪ, ಮಣ್ಣಿನ ಮೇಲ್ಪದರದಲ್ಲೇ ಹರಡುವ ಅಡ್ಡಬೇರುಗಳು ಹೇರಳ, ಆಕಾರಗಳು ಅಲ್ಲೇ ಸಿಗುವುದು. ಕಾಫಿ ಮರ ಗಟ್ಟಿ, ಎಳೆ ಒತ್ತೊತ್ತಾಗಿರುತ್ತದೆ, ಬಣ್ಣ ತಿಳಿ ಕೆನೆ. ಹಲಸಿನಲ್ಲಿ ಹಳದಿ ಚೇಗು ಬೇರೆ, ಹೊರಗಿನ ಬಿಳಿ ಮರ ಬೇರೆ ಎಂದು ಕಾಣುವ ಹಾಗೆ ಇದರಲ್ಲಿ ಕಾಣುವುದಿಲ್ಲ. ಕೊರೆದ ಜಾಗವೂ ಕೊರೆಯದ ಜಾಗವೂ ಒಂದೇ ಬಣ್ಣಕ್ಕೆ ಬರಲು ಅದರಿಂದ ಅನುಕೂಲ.

ಅರೇಬಿಕಾ ಬೊಡ್ಡೆಯಾದರೆ ಎಚ್ಚರ ಬೇಕು. ಅರೇಬಿಕಾ ಗಿಡಗಳನ್ನು ಕೀಳುವುದಕ್ಕೆ ಬಹಳ ಸಲ ಕಾರಣವೇ ಬಿಳಿ ಕಾಂಡಕೊರಕ ಎಂಬ ಕೀಟ. ಕಾಂಡದ ಮೇಲೆ ಬಳೆ ತೊಡಿಸಿದಂತೆ ಉಬ್ಬುಗಳಿದ್ದರೆ, ಅಡ್ಡ ಕೊಯ್ದಾಗ ಪುಡಿ ತುಂಬಿದ ಸುರಂಗಗಳು ಕಂಡರೆ ಒಳಗೆ ಹುಳು ಇದೆ ಎಂದರ್ಥ. ಸುರಂಗ ಬೇರಿನವರೆಗೂ ಇಳಿದಿರುವುದುಂಟು. ಆ ಬೊಡ್ಡೆಯನ್ನು ಎಷ್ಟೇ ಚೆಂದವಿದ್ದರೂ ಸುಟ್ಟುಬಿಡಿ. ಆ ಹುಳು ಬೆಳೆದು ಆದ ದುಂಬಿಗಳು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್‌ನಲ್ಲಿ ಹೊರಬಂದು ಹಾರುತ್ತವೆ. ನಿಮ್ಮ ಕೊಟ್ಟಿಗೆಯಲ್ಲಿ ಒಣಗಲು ಇಟ್ಟ ಒಂದು ಬೊಡ್ಡೆ ಪಕ್ಕದ ಬೆಳೆಗಾರನ ತೋಟಕ್ಕೆ ಕೀಟದ ಮೂಲವಾಗಬಹುದು. ರೊಬಸ್ಟಾಗೆ ಈ ಕೊರಕದ ಕಾಟ ಬಹಳ ಕಡಿಮೆ, ಅದನ್ನು ಮೊದಲ ಆಯ್ಕೆ ಎಂದದ್ದಕ್ಕೆ ಇದೂ ಒಂದು ಕಾರಣ.

ಕಾಡಿನಿಂದ ಬೇರು ಎತ್ತಿಕೊಂಡು ಬರಬೇಡಿ. ಬಿದ್ದದ್ದು, ಒಣಗಿದ್ದು, ಹೊಳೆಯಲ್ಲಿ ತೇಲಿಬಂದದ್ದು ಎಂಬ ಕಾರಣಕ್ಕೆ ಅದು ಕಂಡವರ ಸೊತ್ತಾಗುವುದಿಲ್ಲ. ತೇಲಿಬಂದ ಮರಕ್ಕೂ ಅರಣ್ಯ ಕಾನೂನು ಅನ್ವಯಿಸುತ್ತದೆ. ಗಂಧ, ಬೀಟೆ, ತೇಗದ ತುಂಡು ಸ್ವಂತ ಜಮೀನಿನದೇ ಆದರೂ ಸಾಗಿಸುವ ಮುನ್ನ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ತೋಟದ ಕಾಫಿ ಬೊಡ್ಡೆಗೆ ಮಾಲೀಕರಿಂದ ಒಂದು ಚೀಟಿ ಬರೆಸಿಕೊಂಡರೆ ದಾರಿಯಲ್ಲಿ ಮಾತು ಸಲೀಸು. ಲಂಟಾನ ಸಿಗುವ ಕಡೆ ಅದೂ ಒಳ್ಳೆಯ ಸಾಮಗ್ರಿ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಆ ಕಳೆಗಿಡದಿಂದ ಪೀಠೋಪಕರಣ ಮಾಡುತ್ತಾರೆ, ಆಳೆತ್ತರದ ಆನೆಗಳನ್ನೂ ಕಟ್ಟಿದ್ದಾರೆ.

ಕಣಗಿಲೆ, ಹೊಳಗೇರು, ಕರಿಗೇರು ಈ ಮೂರೂ ಬೇಡ. ಕಣಗಿಲೆ ವಿಷ. ಹೊಳಗೇರು, ಕರಿಗೇರಿನ ಸೊನೆ ಮೈಗೆ ತಾಗಿದರೆ ಚರ್ಮ ಉರಿದು ಬೊಬ್ಬೆ ಏಳುತ್ತದೆ, ಮಲೆನಾಡಿನವರಿಗೆ ಇದನ್ನು ಹೇಳಬೇಕಿಲ್ಲ. ಅದರ ಧೂಳೂ ಅಷ್ಟೇ ಕೆಟ್ಟದ್ದು.

ಅಗೆದು ತೆಗೆಯುವುದು, ತೊಳೆಯುವುದು

ಜೆಸಿಬಿ ಎಳೆದು ಕಿತ್ತ ಬೊಡ್ಡೆಯಲ್ಲಿ ತೆಳು ಬೇರುಗಳೆಲ್ಲ ಸೀಳಿರುತ್ತವೆ. ಆಗುವುದಾದರೆ ಕೈಯಲ್ಲೇ ಅಗೆಯಿರಿ. ಮಳೆ ಬಿದ್ದ ಎರಡು ಮೂರು ದಿನಕ್ಕೆ ಮಣ್ಣು ಮೆತ್ತಗಿರುತ್ತದೆ. ಕಾಂಡದಿಂದ 45–60 ಸೆಂ.ಮೀ. ದೂರದಲ್ಲಿ ಸುತ್ತಲೂ ಕಾಲುವೆ ತೋಡಿ, ಅಡ್ಡಬೇರುಗಳನ್ನು ಗರಗಸದಿಂದ ಕೊಯ್ಯಿರಿ. ಕೊಡಲಿ ಬೀಸಬೇಡಿ, ಏಟಿಗೆ ಬೇರು ಉದ್ದಕ್ಕೆ ಸೀಳುತ್ತದೆ, ಆ ಸೀಳು ಒಣಗುವಾಗ ಬುಡದವರೆಗೂ ಓಡುತ್ತದೆ. ಪ್ರತಿ ಬೇರನ್ನೂ ನಿಮಗೆ ಬೇಕಾದ್ದಕ್ಕಿಂತ 15 ಸೆಂ.ಮೀ. ಉದ್ದ ಬಿಡಿ, ತುದಿ ಹೇಗಿದ್ದರೂ ಬಿರಿಯುವುದರಿಂದ ಆಮೇಲೆ ಕತ್ತರಿಸಿ ತೆಗೆಯಬಹುದು. ಕಾಂಡವನ್ನು 2 ಅಡಿಯಷ್ಟು ಉಳಿಸಿ. ಕೆಲಸ ಮಾಡುವಾಗ ಹಿಡಿಯಲು, ಶಿಕಂಜಿಗೆ (ಬೆಂಚ್ ವೈಸ್) ಕಚ್ಚಿಸಲು ಅದೇ ಹಿಡಿಕೆ.

ತೊಳೆಯುವ ಕೆಲಸಕ್ಕೆ ಒಂದು ಇಡೀ ದಿನ ಮೀಸಲಿಡಿ. ಜೋರು ನೀರು, ನೈಲಾನ್ ಬ್ರಷ್, ಬಿದಿರು ಕಡ್ಡಿ, ಹಳೆಯ ಸ್ಕ್ರೂಡ್ರೈವರ್ ಸಾಕು. ಬೇರು ಬೆಳೆಯುತ್ತ ಬೆಳೆಯುತ್ತ ಜಲ್ಲಿಕಲ್ಲನ್ನು ನುಂಗಿಬಿಟ್ಟಿರುತ್ತದೆ. ಕವಲಿನ ಸಂದಿಗಳಲ್ಲಿ ದಬ್ಬಳ ಚುಚ್ಚಿ ನೋಡಿದರೆ ಕಲ್ಲಿನ ‘ಟಿಕ್’ ಸದ್ದು ಗೊತ್ತಾಗುತ್ತದೆ. ಒಂದು ಮರಳುಕಣ ಉಳಿಯ ಬಾಯಿಯನ್ನು ಅರ್ಧ ಗಂಟೆ ಸಾಣೆ ಹಿಡಿಯುವಷ್ಟು ಕೆಡಿಸುತ್ತದೆ. ಬೇಲಿಯ ಬಳಿ ಬೆಳೆದ ಗಿಡವಾದರೆ ಅಯಸ್ಕಾಂತ ಆಡಿಸಿ ಮೊಳೆ, ತಂತಿ ಇದೆಯೇ ನೋಡಿ.

ತೊಗಟೆಯನ್ನು ಹಸಿಯಿದ್ದಾಗಲೇ ತೆಗೆಯಿರಿ. ಮೊಂಡು ಚಾಕುವಿನಿಂದ ಎಬ್ಬಿಸಿದರೆ ಪಟ್ಟಿ ಪಟ್ಟಿಯಾಗಿ ಬರುತ್ತದೆ. ಸಂದಿಗಳಲ್ಲಿ ಅಂಟಿಕೊಂಡದ್ದಕ್ಕೆ ಬಿಸಿನೀರು ಸುರಿದು ಹತ್ತು ನಿಮಿಷ ಬಿಡಿ. ತೊಗಟೆಯ ಕೆಳಗೆ ಸಿಗುವ ನಯವಾದ ಪದರವನ್ನು ನಾವು ಮರದ ಚರ್ಮ ಎನ್ನೋಣ. ಶಿಲ್ಪದ ಅತ್ಯಂತ ಬೆಲೆಬಾಳುವ ಭಾಗ ಅದೇ. ಹರಿತವಾದ ಚಾಕು ಹಿಡಿದು ಅದನ್ನು ಗೀರಿದವರು ಕೊನೆಯಲ್ಲಿ ಆ ಗೀರು ಮುಚ್ಚಲು ಇಡೀ ಬೇರನ್ನೇ ಉಜ್ಜಬೇಕಾಗುತ್ತದೆ.

ಹುಳುವಿಗೆ ಮದ್ದು

ತಿಳಿಬಣ್ಣದ ಮರದಲ್ಲಿ ಪಿಷ್ಟ ಇರುತ್ತದೆ, ಅದನ್ನು ತಿನ್ನಲು ಪುಡಿಹುಳು ಬರುತ್ತದೆ. ಬಿದಿರನ್ನು ಕೆರೆಯಲ್ಲಿ ನೆನೆಹಾಕುವ ಹಳೆಯ ರೂಢಿಯ ಹಿಂದಿರುವುದೂ ಪಿಷ್ಟವನ್ನು ತೊಳೆದುಹಾಕುವ ಉಪಾಯವೇ. ಬೊಡ್ಡೆಗೂ ಹೊಂಡದಲ್ಲಿ ಮೂರು ನಾಲ್ಕು ವಾರ ಮುಳುಗಿಸಿಡುವುದು ಒಳ್ಳೆಯದು, ಆದರೆ ಮರ ಕಂದುವ ಸಂಭವವಿದೆ.

ಹೆಚ್ಚು ಭರವಸೆಯದು ಬೋರಾನ್ ದ್ರಾವಣ. 10 ಲೀಟರ್ ಬಿಸಿನೀರಿಗೆ 300 ಗ್ರಾಂ ಬೊರಾಕ್ಸ್, 200 ಗ್ರಾಂ ಬೋರಿಕ್ ಆಸಿಡ್ ಹಾಕಿ ಪೂರ್ತಿ ಕರಗಿಸಿ. ತೊಗಟೆ ತೆಗೆದ ಹಸಿ ಬೊಡ್ಡೆಯನ್ನು ಅದರಲ್ಲಿ 24ರಿಂದ 48 ಗಂಟೆ ಮುಳುಗಿಸಿ. ಅಷ್ಟು ದೊಡ್ಡ ಪಾತ್ರೆ ಇಲ್ಲದಿದ್ದರೆ ಬ್ರಷ್‌ನಿಂದ ದಿನಕ್ಕೊಂದರಂತೆ ಮೂರು ಸಲ ತೋಯಿಸಿ. ನಂತರ ಪ್ಲಾಸ್ಟಿಕ್ ಹಾಳೆ ಸುತ್ತಿ ಎರಡು ವಾರ ನೆರಳಲ್ಲಿಡಿ. ಮರದ ಒಳಗಿನ ನೀರೇ ಮದ್ದನ್ನು ಎಳೆದುಕೊಂಡು ಹೋಗುತ್ತದೆ. ಹಾಗಾಗಿಯೇ ಒಣಗಿದ ಮರಕ್ಕೆ ಬಳಿದರೆ ಮೇಲ್ಪದರದಲ್ಲೇ ನಿಂತುಬಿಡುತ್ತದೆ. ಮೇಲೆ ಬೂಷ್ಟು ಕಂಡರೆ ಗಾಬರಿ ಬೇಡ, ಒರೆಸಿದರೆ ಹೋಗುತ್ತದೆ. ಈ ಮದ್ದು ಮಳೆನೀರಿಗೆ ಕರಗಿ ಹೋಗುತ್ತದೆ, ಆದ್ದರಿಂದ ಮನೆಯೊಳಗೆ ಇಡುವ ಶಿಲ್ಪಕ್ಕೆ ಮಾತ್ರ. ಕೈಗವಸು ಹಾಕಿ, ಮಕ್ಕಳು, ದನಕರು, ನಾಯಿ ಬಾಯಿ ಹಾಕದಂತೆ ನೋಡಿಕೊಳ್ಳಿ.

ಒಣಗಿಸುವುದು

ಹತ್ತು ಬೊಡ್ಡೆ ಹಾಳಾದರೆ ಎಂಟು ಹಾಳಾಗುವುದು ಇಲ್ಲೇ ಎಂದು ಇಟ್ಟುಕೊಳ್ಳಿ. ಮರ ಒಣಗುವಾಗ ಉದ್ದದಲ್ಲಿ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಕುಗ್ಗುತ್ತದೆ, ಅದರಲ್ಲೂ ಅಡ್ಡ ಕೊಯ್ದಾಗ ಕಾಣುವ ಬೆಳವಣಿಗೆಯ ಬಳೆಗಳ ಸುತ್ತಿನ ದಿಕ್ಕಿನಲ್ಲಿ ಕುಗ್ಗುವುದು ನಡುವಿನಿಂದ ಹೊರಕ್ಕೆ ಹೋಗುವ ದಿಕ್ಕಿನಲ್ಲಿ ಕುಗ್ಗುವುದರ ಹೆಚ್ಚುಕಡಿಮೆ ಎರಡರಷ್ಟು. ಈ ವ್ಯತ್ಯಾಸವನ್ನು ದುಂಡು ಮರ ತಾಳಲಾರದು. ನಡುತಿರುಳಿನಿಂದ ಹೊರಕ್ಕೆ ಸೀಳು ಬಿಡುತ್ತದೆ. ಮೇಲ್ಭಾಗ ಬೇಗ ಒಣಗಿ ಒಳಭಾಗ ಹಸಿ ಉಳಿದರೆ ಬಿರುಕು ಇನ್ನೂ ದೊಡ್ಡದು. ಬಿಸಿಲಿಗಿಟ್ಟ, ಒಲೆಯ ಮೇಲಿನ ಅಟ್ಟದಲ್ಲಿಟ್ಟ ಬೊಡ್ಡೆ ವಾರದಲ್ಲಿ ಬಾಯಿ ಬಿಡುವುದು ಇದರಿಂದಲೇ. ಕಾಂಡ ಮತ್ತು ಬೇರು ಕೂಡುವ ಬುಡಗಂಟಿನಲ್ಲಿ ಮಾತ್ರ ಎಳೆಗಳು ಹೆಣೆದುಕೊಂಡಿರುವುದರಿಂದ ಸೀಳು ಅಷ್ಟು ಸುಲಭವಾಗಿ ಓಡುವುದಿಲ್ಲ. ಮುಖ್ಯ ಆಕೃತಿಯನ್ನು ಅಲ್ಲಿ ಹುಡುಕಿದರೆ ಲಾಭ.

ಕೊಯ್ದ ಮುಖಗಳಿಂದ ನೀರು ಬೇರೆಲ್ಲ ಕಡೆಗಿಂತ ವೇಗವಾಗಿ ಹೊರಹೋಗುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಬಿಚ್ಚಿದ ದಿನವೇ ಬೇರಿನ ತುದಿಗಳಿಗೂ ಕಾಂಡದ ಮೇಲ್ಮುಖಕ್ಕೂ ಕರಗಿದ ಮೇಣ ಬಳಿಯಿರಿ. ಮೇಣವಿಲ್ಲದಿದ್ದರೆ ಫೆವಿಕಾಲ್ ಅಥವಾ ದಪ್ಪ ಎಮಲ್ಶನ್ ಬಣ್ಣ ಎರಡು ಕೋಟ್. ಮರುದಿನ ಮಾಡಿದರಾಯಿತು ಅನ್ನುವಷ್ಟರಲ್ಲಿ ಕೂದಲೆಳೆಯ ಬಿರುಕುಗಳು ಬಂದಿರುತ್ತವೆ.

ಆಮೇಲೆ ನೆರಳು, ನಿಧಾನವಾದ ಗಾಳಿ, ನೆಲದಿಂದ ಒಂದಡಿ ಎತ್ತರದ ಹಲಗೆ. ಬೇಸಿಗೆಯಲ್ಲಿ ಮೊದಲ ತಿಂಗಳು ಗೋಣಿಚೀಲ ಹೊದಿಸಿ ಗಾಳಿಯನ್ನು ತಡೆಯಿರಿ. ಮಳೆಗಾಲದ ಮಲೆನಾಡಿನಲ್ಲಿ ಸಮಸ್ಯೆ ತಿರುಗುಮುರುಗು. ಮರ ಒಣಗುವುದೇ ಇಲ್ಲ, ನೀಲಿ ಬೂಷ್ಟು ಒಳಕ್ಕಿಳಿದು ಕಲೆ ಬಿಡುತ್ತದೆ. ಆಗ ಗೋಣಿ ತೆಗೆದು, ಬೊಡ್ಡೆಗಳ ನಡುವೆ ಅಂತರವಿಟ್ಟು, ದಿನಕ್ಕೆ ಕೆಲವು ಗಂಟೆ ಫ್ಯಾನ್ ಹಾಕಿ.

ಎಷ್ಟು ಕಾಲ? ಬಡಗಿಗಳ ಲೆಕ್ಕ ಒಂದಂಗುಲ ದಪ್ಪಕ್ಕೆ ಒಂದು ವರ್ಷ. 4 ಅಂಗುಲದ ಕಾಂಡಕ್ಕೆ ಸುತ್ತಲಿಂದಲೂ ಗಾಳಿ ಆಡುವುದರಿಂದ ಅಷ್ಟು ಬೇಡ, ಆದರೂ ಒಂದು ವರ್ಷದ ಕೆಳಗೆ ಮುಗಿಯುತ್ತದೆಂದು ಅಂದುಕೊಳ್ಳಬೇಡಿ. ಊಹೆಗಿಂತ ತೂಕ ಒಳ್ಳೆಯ ಸಾಕ್ಷಿ. ಬೊಡ್ಡೆಗೊಂದು ಚೀಟಿ ಕಟ್ಟಿ, 15 ದಿನಕ್ಕೊಮ್ಮೆ ತೂಗಿ ಬರೆಯಿರಿ. 10 ಕೆಜಿಯ ಹಸಿ ಬೊಡ್ಡೆ 6–7 ಕೆಜಿಯವರೆಗೂ ಇಳಿಯಬಹುದು. ಮೂರು ಸಲ ಒಂದೇ ತೂಕ ಬಂದರೆ ಅದು ಆ ಕೋಣೆಯ ಗಾಳಿಗೆ ಒಗ್ಗಿತು ಎಂದರ್ಥ. ಶಿಲ್ಪ ಹೋಗಬೇಕಾದ್ದು ಬೆಂಗಳೂರಿನ ಎ.ಸಿ. ಕೋಣೆಗೋ ಮಂಗಳೂರಿನ ಹಜಾರಕ್ಕೋ ಎಂಬುದನ್ನು ಈಗಲೇ ಯೋಚಿಸಿ. ಒಣ ಗಾಳಿಗೆ ಹೋಗುವುದಾದರೆ ಕೊನೆಯ ಎರಡು ತಿಂಗಳು ಮನೆಯೊಳಗೇ ಇಡಿ.

ನೋಡುವುದು

ಬೊಡ್ಡೆ ಒಣಗುತ್ತಿರುವ ಆ ವರ್ಷ ವ್ಯರ್ಥವಲ್ಲ, ಆಕೃತಿ ಹುಡುಕುವ ಕಾಲ ಅದು. ತಲೆಕೆಳಗು ಮಾಡಿ ನೋಡಿ. ಬೇರಿನ ಶಿಲ್ಪಗಳು ಬಹಳ ಸಲ ಬೇರು ಮೇಲಾಗಿ ನಿಂತಾಗಲೇ ಅರ್ಥ ಕೊಡುತ್ತವೆ. ಹಗ್ಗ ಕಟ್ಟಿ ತೂಗುಹಾಕಿ ನಿಧಾನವಾಗಿ ತಿರುಗಿಸಿ. ರಾತ್ರಿ ಒಂದೇ ದೀಪ ಹಚ್ಚಿ ಗೋಡೆಯ ಮೇಲಿನ ನೆರಳು ನೋಡಿ. ಗಂಟು, ಬಣ್ಣ, ಕಲೆಗಳೆಲ್ಲ ಮರೆಯಾಗಿ ಹೊರರೇಖೆ ಮಾತ್ರ ಉಳಿಯುತ್ತದೆ. ಎಂಟು ದಿಕ್ಕಿನಿಂದ ಫೋಟೊ ತೆಗೆದು, ಅದರ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು ನೋಡುವುದೂ ಒಳ್ಳೆಯ ಅಭ್ಯಾಸ.

ಬೇಡವೆನಿಸಿದ ಬೇರನ್ನು ತಕ್ಷಣ ಕೊಯ್ಯಬೇಡಿ. ಹಿನ್ನೆಲೆಯ ಗೋಡೆಯ ಬಣ್ಣದ್ದೇ ಬಟ್ಟೆಯನ್ನು ಅದಕ್ಕೆ ಸುತ್ತಿ, ಹತ್ತು ಹೆಜ್ಜೆ ಹಿಂದೆ ಬಂದು ನೋಡಿ. ಅದಿಲ್ಲದೆ ಆಕೃತಿ ಹೇಗಿರುತ್ತದೆಂದು ಕಾಣುತ್ತದೆ. ಒಂದು ವಾರ ಹಾಗೇ ಬಿಡಿ. ವಾರದ ನಂತರವೂ ಬೇಡವೆನಿಸಿದರೆ ಗುರುತಿಗಿಂತ 5 ಸೆಂ.ಮೀ. ಹೊರಗೆ ಕೊಯ್ಯಿರಿ, ಉಳಿದದ್ದನ್ನು ಮತ್ತೊಂದು ದಿನ. ಹೊಸಬರು ಕೊಯ್ದ ಮೇಲೆ ಪಶ್ಚಾತ್ತಾಪ ಪಡುವುದು ಸಾಮಾನ್ಯವಾಗಿ ಹಕ್ಕಿಯ ಬಾಲಕ್ಕೋ ನರ್ತಕಿಯ ಹಿಂಚಾಚಿದ ಕೈಗೋ. ಮುಂದಿನಿಂದ ಅನಗತ್ಯವಾಗಿ ಕಂಡ ಆ ಬೇರೇ ಪಕ್ಕದಿಂದ ಇಡೀ ಚಲನೆಯನ್ನು ಹಿಡಿದಿಟ್ಟಿರುತ್ತದೆ.

ಕೊಳೆತ ಭಾಗ, ಕಾಲು, ನಿಲುವು

ದಬ್ಬಳ ಒತ್ತಿದಲ್ಲೆಲ್ಲ ಸಲೀಸಾಗಿ ಇಳಿದರೆ ಕೊಳೆತಿದೆ. ಗಟ್ಟಿ ಮರ ಸಿಗುವವರೆಗೂ ಕೆರೆದು ತೆಗೆಯಿರಿ. ಬಂದ ಪೊಳ್ಳನ್ನು ತುಂಬಬೇಡಿ, ಅದು ಬಹಳ ಸಲ ಮಡಿಲಾಗುತ್ತದೆ, ಗುಹೆಯಾಗುತ್ತದೆ.

ತೂಕದ ನಡುಬಿಂದು ಕಂಡುಹಿಡಿಯಲು ಬೊಡ್ಡೆಯನ್ನು ಒಂದು ಬಿಂದುವಿನಿಂದ ತೂಗುಹಾಕಿ, ಅಲ್ಲಿಂದ ತೂಗುಗುಂಡು ಇಳಿಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಬೇರೊಂದು ಬಿಂದುವಿನಿಂದ ಮತ್ತೆ ಹಾಗೇ ಮಾಡಿ. ಗೆರೆಗಳು ಕೂಡುವ ಜಾಗದ ನೇರ ಕೆಳಗೆ ಶಿಲ್ಪದ ಪಾದಗಳ ನಡುಭಾಗ ಬರಬೇಕು. ಬರದಿದ್ದರೆ ಒಂದು ಬೆರಳು ತಾಗಿದರೂ ಉರುಳುತ್ತದೆ.

ಪಾದ ಮಟ್ಟ ಮಾಡುವುದಕ್ಕೆ ಸಮತಟ್ಟಾದ ನೆಲದ ಮೇಲೆ ಬೊಡ್ಡೆಯನ್ನು ಬೇಕಾದ ಭಂಗಿಯಲ್ಲಿ ನಿಲ್ಲಿಸಿ, ಅಲ್ಲಾಡದಂತೆ ಚಕ್ಕೆಗಳನ್ನು ತುರುಕಿ. ಒಂದು ಮರದ ತುಂಡಿನ ಮೇಲೆ ಪೆನ್ಸಿಲ್ ಅಡ್ಡ ಮಲಗಿಸಿ, ತುಂಡನ್ನು ನೆಲದ ಮೇಲೆ ಜಾರಿಸುತ್ತ ಎಲ್ಲ ಬೇರುಗಳ ಸುತ್ತ ಗೆರೆ ಎಳೆಯಿರಿ. ಆ ಗೆರೆಗೆ ಕೊಯ್ದರೆ ಎಲ್ಲವೂ ಒಂದೇ ಮಟ್ಟಕ್ಕೆ ಬರುತ್ತವೆ. ಮೂರು ಕಾಲಿನ ಮೇಲೆ ನಿಂತ ಶಿಲ್ಪ ಎಂದೂ ಅಲ್ಲಾಡುವುದಿಲ್ಲ, ನಾಲ್ಕು ಕಾಲಿನದು ಸ್ವಲ್ಪ ಏರುಪೇರಾದರೂ ಕುಣಿಯುತ್ತದೆ. ಹಾಗಾಗಿ ನೆಲಕ್ಕೆ ತಾಗುವುದು ಮೂರೇ ಇರಲಿ, ಉಳಿದವು ನೆಲದಿಂದ ಕೂದಲೆಳೆಯಷ್ಟು ಮೇಲೆ ನಿಲ್ಲಲಿ. ಒಂದೇ ಕಾಲಿನ ಶಿಲ್ಪವಾದರೆ ಪೀಠ ಬೇಕು: 8 ಮಿ.ಮೀ. ಉಕ್ಕಿನ ಸರಳು, ಶಿಲ್ಪದೊಳಗೆ 7–8 ಸೆಂ.ಮೀ. ಆಳದ ತೂತು, ಎಪಾಕ್ಸಿ ಅಂಟು. ಪೀಠಕ್ಕೆ ಕಲ್ಲು ಅಥವಾ ಹಲಸಿನ ದಪ್ಪ ಹಲಗೆ.

ಉಳಿ ಹಿಡಿಯುವಾಗ

ಕಾಲಂಗುಲ, ಅರ್ಧ ಅಂಗುಲ, ಮುಕ್ಕಾಲು ಅಂಗುಲದ ಚಪ್ಪಟೆ ಉಳಿಗಳು, ಬಾಯಿ ಬಾಗಿದ ಎರಡು ಉಳಿ, ಕೊಡತಿ, ಅರ್ಧದುಂಡು ಒರಟು ಅರ, ಸಣ್ಣ ಹಲ್ಲಿನ ಗರಗಸ. ಇಷ್ಟರಲ್ಲಿ ಮೊದಲ ಐದು ಶಿಲ್ಪ ಮುಗಿಯುತ್ತವೆ. ಕಾಫಿ ಗಟ್ಟಿಯಾದ್ದರಿಂದ ಉಳಿಯ ಬಾಯಿ 30 ಡಿಗ್ರಿಗೆ ಇರಲಿ. 25ಕ್ಕೆ ತೆಳುವಾಗಿಸಿದರೆ ಉಳಿಯ ಬಾಯಿಯದೇ ಚಕ್ಕೆ ಹಾರುತ್ತದೆ. ಆಂಗಲ್ ಗ್ರೈಂಡರ್ ಇದ್ದರೆ 80 ನಂಬರಿನ ಫ್ಲ್ಯಾಪ್ ಡಿಸ್ಕ್ (ಉಪ್ಪುಕಾಗದದ ಪಟ್ಟಿಗಳನ್ನು ಜೋಡಿಸಿದ ಚಕ್ರ) ಸಾಕು. ಅದಕ್ಕೆ ಸರಪಳಿ ಹಲ್ಲಿನ ಡಿಸ್ಕ್ ಹಾಕಲೇಬೇಡಿ. ಬೇರಿನ ಸಂದಿಯಲ್ಲಿ ಕಚ್ಚಿಕೊಂಡರೆ ಯಂತ್ರ ಮುಖದ ಕಡೆಗೆ ನೆಗೆಯುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಎನ್95 ಮಾಸ್ಕ್ ಉಜ್ಜುವಾಗಲೂ ಇರಲಿ, ಮರದ ಸಣ್ಣ ಧೂಳು ಕ್ಯಾನ್ಸರ್‌ಕಾರಕ.

ಎಳೆಯ ದಿಕ್ಕಿಗೆ ಒಂದೇ ಸೂತ್ರ ನೆನಪಿಡಿ: ಏರಿನಿಂದ ಇಳಿಜಾರಿಗೆ. ಉಬ್ಬಿದ ಬೇರಿನ ಮೇಲೆ ದಪ್ಪದಿಂದ ತೆಳುವಿನ ಕಡೆಗೆ, ತಗ್ಗಿನಲ್ಲಿ ಎರಡು ದಡಗಳಿಂದಲೂ ತಳದ ಕಡೆಗೆ. ತಳದಿಂದ ಮೇಲಕ್ಕೆ ಉಳಿ ಹೊಡೆದರೆ ಮರ ಸಿಬಿರೆದ್ದು ಕಿತ್ತುಬರುತ್ತದೆ. ಕವಲಿನ ಬಳಿ ಎಳೆ ಬೆರಳಗಲಕ್ಕೆ ದಿಕ್ಕು ಬದಲಿಸುವುದರಿಂದ ಅಲ್ಲಿ ಉಳಿ ಬಿಟ್ಟು ಅರ ಹಿಡಿಯುವುದೇ ಕ್ಷೇಮ.

ಎಷ್ಟು ಕೆತ್ತಬೇಕು? ಕೊಯ್ದ ತುದಿಗಳು ಗರಗಸದ ಗುರುತು ಬಿಟ್ಟು ಬೇರಿನ ಹಾಗೆ ದುಂಡಾಗಬೇಕು, ತಲೆಯ ತಿರುವು ಅಥವಾ ರೆಕ್ಕೆಯ ಅಂಚು ಸ್ವಲ್ಪ ಸ್ಪಷ್ಟವಾಗಬೇಕು, ಅಷ್ಟೇ. ಕಣ್ಣು, ಕೊಕ್ಕು, ಗರಿಗಳನ್ನು ಕೊರೆಯುವ ಆಸೆ ಬರುತ್ತದೆ. ಬೇಡ. ಕಣ್ಣು ಕೊರೆದ ಕೂಡಲೇ ನೋಡುವವರ ದೃಷ್ಟಿ ಅಲ್ಲೇ ನೆಟ್ಟು, ನೂರು ತಿರುವಿನ ಬೇರು ಆ ಮುಖದ ಹಿಂದಿನ ಕಟ್ಟಿಗೆಯಾಗಿ ಉಳಿಯುತ್ತದೆ. ಮರದಲ್ಲೇ ಸರಿಯಾದ ಜಾಗಕ್ಕೆ ಒಂದು ಗಂಟು ಬಿದ್ದಿದ್ದರೆ ಅದೇ ಕಣ್ಣು.

ತೆಳು ಬೇರು ಮುರಿದರೆ ಎರಡೂ ಬದಿಗೆ 3 ಮಿ.ಮೀ. ತೂತು ಹಾಕಿ ಬಿದಿರು ಕಡ್ಡಿ, ಮರದ ಅಂಟು. ದೊಡ್ಡ ಬಿರುಕಿಗೆ ಅದೇ ಬೊಡ್ಡೆಯ ಚಕ್ಕೆಯನ್ನು ಎಳೆ ಹೊಂದುವಂತೆ ಸೀಳಿ ತುರುಕಿ. ಮರದ ಪುಡಿಗೆ ಫೆವಿಕಾಲ್ ಕಲಸಿ ಮೆತ್ತಿದ ಜಾಗ ಎಣ್ಣೆ ಹೀರುವುದಿಲ್ಲ, ಕೊನೆಗೆ ಕಲೆಯಂತೆ ಎದ್ದು ಕಾಣುತ್ತದೆ. ಕಾಣದ ಕಡೆಯ ಬಿರುಕುಗಳನ್ನು ಹಾಗೇ ಬಿಡಿ.

ಉಜ್ಜುವುದು, ಎಣ್ಣೆ, ಮೇಣ

ಮರದ ಚರ್ಮ ಇರುವಲ್ಲಿ ಉಪ್ಪುಕಾಗದ ಬೇಡ, ಹಿತ್ತಾಳೆ ಅಥವಾ ನೈಲಾನ್ ಬ್ರಷ್ ಸಾಕು. ಕೊರೆದ ಜಾಗಕ್ಕೆ 80, 120, 180ರ ಉಪ್ಪುಕಾಗದ ಕ್ರಮವಾಗಿ. ಒಂದು ನಂಬರು ಹಾರಿಸಿದರೆ ಹಿಂದಿನ ಗೀರುಗಳು ಎಣ್ಣೆ ಹಚ್ಚಿದ ಮೇಲೆ ಎದ್ದು ಕಾಣುತ್ತವೆ. ಸಂದಿಗಳಿಗೆ ಬಟ್ಟೆ ಬೆನ್ನಿನ ಉಪ್ಪುಕಾಗದವನ್ನು ಅಂಗುಲ ಅಗಲಕ್ಕೆ ಹರಿದು, ಬೂಟಿಗೆ ಪಾಲಿಶ್ ಉಜ್ಜುವಂತೆ ಎರಡು ಕೈಯಲ್ಲಿ ಎಳೆಯಿರಿ. 180 ಆದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ, ಏಳುವ ನವಿರನ್ನು 240ರಿಂದ ತೆಗೆಯಿರಿ. ಕೊರೆದದ್ದಕ್ಕೂ ಚರ್ಮಕ್ಕೂ ನಡುವೆ ಗಡಿರೇಖೆ ಉಳಿಯದಂತೆ ಎರಡು ಅಂಗುಲ ಒಳಕ್ಕೆ ಹಗುರವಾಗಿ ಉಜ್ಜಿ ಬೆರೆಸಿ.

ಕೊರೆದ ಜಾಗ ತೀರ ಬಿಳಿಯಾಗಿ ಕಂಡರೆ ಗಟ್ಟಿ ಚಹಾ ಡಿಕಾಕ್ಷನ್ ಬಳಿದು ಒಣಗಿಸಿ, ಮೇಲೆ ವಿನೆಗರ್‌ನಲ್ಲಿ ಮೂರು ನಾಲ್ಕು ದಿನ ಉಕ್ಕಿನ ನಾರು ನೆನೆಸಿ ಸೋಸಿದ ನೀರನ್ನು ಹಚ್ಚಿ. ಚಹಾದ ಒಗರು ಕಬ್ಬಿಣದೊಡನೆ ಸೇರಿ ಕಂದುಬೂದು ಬಣ್ಣ ಬರುತ್ತದೆ. ಕೊಯ್ದು ಬಿಸಾಡಿದ ತುಂಡಿನ ಮೇಲೆ ಮೊದಲು ಪರೀಕ್ಷಿಸಿ. ಬೇಗ ಕಪ್ಪಾಗಿಬಿಡುವುದುಂಟು.

ಎಣ್ಣೆ ಎಂದರೆ ಅಗಸೆ ಎಣ್ಣೆ, ಅಂಗಡಿಯಲ್ಲಿ ‘ಡಬಲ್ ಬಾಯ್ಲ್ಡ್’ ಎಂದು ಕೇಳಿ. ಮೊದಲ ಕೋಟಿಗೆ ಎಣ್ಣೆ ಮತ್ತು ಟರ್ಪೆಂಟೈನ್ ಸಮ ಪಾಲು. ಹಚ್ಚಿ 20 ನಿಮಿಷದಲ್ಲಿ ಮೇಲೆ ನಿಂತದ್ದನ್ನು ಪೂರ್ತಿ ಒರೆಸಿ. ಎರಡು ದಿನದ ನಂತರ ಎರಡು ಪಾಲು ಎಣ್ಣೆಗೆ ಒಂದು ಪಾಲು ಟರ್ಪೆಂಟೈನ್, ಮತ್ತೆ ಒರೆಸಿ. ಮೂರು ಕೋಟ್ ಸಾಕು. ಒರೆಸದೆ ಬಿಟ್ಟ ಎಣ್ಣೆ ತಿಂಗಳಾದರೂ ಅಂಟಂಟಾಗಿ ಧೂಳು ಹಿಡಿಯುತ್ತದೆ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಬೇಡ. ಅವು ಒಣಗಿ ಪದರವಾಗುವುದಿಲ್ಲ, ಕಮಟು ಹಿಡಿಯುತ್ತವೆ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬಾರದು. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ತಂತಿಯ ಮೇಲೆ ಹರವಿ ಒಣಗಿಸಿ, ಇಲ್ಲವೇ ನೀರಿನ ಬಕೆಟ್ಟಿಗೆ ಹಾಕಿ.

ವಾರದ ಬಳಿಕ ಮೇಣ. 100 ಗ್ರಾಂ ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟ ಡಬ್ಬಿಯಲ್ಲಿ ಕರಗಿಸಿ, ಒಲೆ ಆರಿಸಿದ ಮೇಲೆ 300 ಮಿ.ಲೀ. ಟರ್ಪೆಂಟೈನ್ ಬೆರೆಸಿ. ಆರಿದಾಗ ಬೆಣ್ಣೆಯಂತಾಗುತ್ತದೆ. ಬಟ್ಟೆಯಲ್ಲಿ ತೆಳುವಾಗಿ ಹಚ್ಚಿ, ಸಂದಿಗಳಿಗೆ ಹಲ್ಲುಜ್ಜುವ ಬ್ರಷ್, ಒಂದು ಗಂಟೆ ಬಿಟ್ಟು ಒಣ ಬಟ್ಟೆಯಿಂದ ತಿಕ್ಕಿ. ಹೊಳಪು ವಾರ್ನಿಷ್ ಬಳಿದ ಬೇರು ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಮರ ಕುಗ್ಗಿ ಹಿಗ್ಗುವಾಗ ಆ ಪದರ ಸುಲಿದೂ ಬರುತ್ತದೆ.

ಮನೆಯಲ್ಲಿ ಇಟ್ಟ ಮೇಲೆ

ಕಿಟಕಿಯ ನೇರ ಬಿಸಿಲಿಗೂ ಎ.ಸಿ. ಗಾಳಿಯ ಎದುರಿಗೂ ಇಡಬೇಡಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಚಳಿಗಾಲದಲ್ಲಿ ಒಮ್ಮೆ ಮೇಣ ತಿಕ್ಕಿದರೆ ಸಾಕು. ಚಳಿಗಾಲದಲ್ಲಿ ಸಣ್ಣ ಬಿರುಕು ಬಿಟ್ಟು ಮಳೆಗಾಲದಲ್ಲಿ ಕೂಡಿಕೊಳ್ಳುವುದು ಸಹಜ, ಅದಕ್ಕೆ ಏನನ್ನೂ ತುಂಬಬೇಡಿ. ತುಂಬಿದರೆ ಮರ ಹಿಗ್ಗುವಾಗ ಜಾಗವಿಲ್ಲದೆ ಪಕ್ಕದಲ್ಲಿ ಹೊಸ ಬಿರುಕು ಬರುತ್ತದೆ.

ಮೊದಲ ಎರಡು ವರ್ಷ ಶಿಲ್ಪದ ಕೆಳಗೆ ಬಿಳಿ ಕಾಗದ ಹಾಸಿಡಿ. ಹಿಟ್ಟಿನಂಥ ಪುಡಿ ಬಿದ್ದು, ಮೇಲೆ ಸೂಜಿಮೊನೆಯ ತೂತುಗಳು ಕಂಡರೆ ಒಳಗೆ ಹುಳು ಉಳಿದಿದೆ. ಶಿಲ್ಪವನ್ನು ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಕಟ್ಟಿ ಏಪ್ರಿಲ್ ಬಿಸಿಲಿನಲ್ಲಿ ಕೆಲವು ದಿನ ಇಡಿ. ಮರದ ನಡುಭಾಗ 56 ಡಿಗ್ರಿ ಸೆಲ್ಸಿಯಸ್ ತಲುಪಿ ಅರ್ಧ ಗಂಟೆ ನಿಲ್ಲಬೇಕು. ರಫ್ತಿನ ಮರದ ಪೆಟ್ಟಿಗೆಗಳಿಗೆ ಇರುವ ಅಂತರರಾಷ್ಟ್ರೀಯ ಅಳತೆಯೂ ಇದೇ. ದಪ್ಪ ಕಾಂಡದ ನಡುವಿಗೆ ಬರೀ ಬಿಸಿಲಿನಿಂದ ಅಷ್ಟು ಬಿಸಿ ಮುಟ್ಟದಿರಬಹುದು. ಆದ್ದರಿಂದ ಪಾದದ ಕೆಳಗೆ ಒಂದು ಸಣ್ಣ ಆಳದ ತೂತು ಕೊರೆದು ಅಡುಗೆಯ ಥರ್ಮಾಮೀಟರ್ ಇಳಿಸಿ ನೋಡಿ. ಬಿಚ್ಚಿದ ಮೇಲೆ ತೂತುಗಳಿಗೆ ಸಿರಿಂಜಿನಿಂದ ಬೋರಾನ್ ದ್ರಾವಣ ಬಿಟ್ಟು, ಒಣಗಿದ ನಂತರ ಮೇಣದಿಂದ ಮುಚ್ಚಿ, ಕೆಳಗೆ ಹೊಸ ಕಾಗದ ಹಾಸಿ.